ಸವೆಯದ ಸತುವಿನ ಕಡ್ಡಿ

ಬಂದರಿನ ತುದಿಯ ಶೆಡ್ಡಿನಲ್ಲಿ ಕೆಲಸ ಮಾಡುವ ಆ ಮನುಷ್ಯನಿಗೂ ಹುಟ್ಟಿದಾಗ ಒಂದು ಹೆಸರಿಟ್ಟಿದ್ದರು. ಈಗ ಅದು ಅವನ ಹೆಂಡತಿಗೇ ತಕ್ಷಣ ನೆನಪಾಗುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಕೂಲರ್ ಮೇಸ್ತ್ರಿ. ದೋಣಿ ಇಂಜಿನ್ನುಗಳ ಇಂಟರ್‌ಕೂಲರ್ ಬಿಚ್ಚುವುದು, ತೊಳೆಯುವುದು, ತೂತು ಹುಡುಕುವುದು, ಮತ್ತೆ ಕೂರಿಸುವುದು, ಇಷ್ಟರಲ್ಲೇ ಅವನ ತಲೆ ನರೆತಿತ್ತು. ಸಿಡುಕು ಸ್ವಭಾವ ಬೇರೆ. ಸ್ಪ್ಯಾನರ್ ಇಟ್ಟ ಜಾಗದಲ್ಲಿಲ್ಲದಿದ್ದರೆ ಶೆಡ್ಡಿನ ತಗಡೆಲ್ಲ ನಡುಗುವಂತೆ ಕೂಗುತ್ತಿದ್ದ. "ಊರಿನ ಇಂಜಿನ್ನಿಗೆಲ್ಲ ತಂಪು ಮಾಡಿ ಬರ್ತಾರೆ, ಇವರ ತಲೆ ಮೇಲೆ ಪಾತ್ರೆ ಇಟ್ರೆ ಮಾತ್ರ ನೀರು ಕುದಿಯತ್ತೆ" ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಅಂಥವನು ಕೆಲವು ಕಾಲದಿಂದ ಈಚೆಗೆ ಮೆತ್ತಗಾಗಿಬಿಟ್ಟ. ಸ್ಪ್ಯಾನರ್ ಕಳೆದರೆ ತಾನೇ ಹುಡುಕಿಕೊಳ್ಳುತ್ತಿದ್ದ. ತಟ್ಟೆಗೆ ಉಪ್ಪಿಲ್ಲದ್ದು ಬಡಿಸಿದರೂ ತಿಂದೇಳುತ್ತಿದ್ದ. ಬೈಗುಳ ನಿಂತಿತಲ್ಲ ಎಂದು ಮೊದಮೊದಲು ಸಂತೋಷಪಟ್ಟ ಹೆಂಡತಿಗೆ ಆಮೇಲೆ ಭಯ ಹಿಡಿಯಿತು. "ಏನ್ರೀ, ಮೈ ಸರಿ ಇಲ್ವಾ?" ಎಂದು ಕೇಳಿದರೆ, "ಮೈಗೇನಾಗಿದೆ, ಗುಂಡುಕಲ್ಲು" ಎನ್ನುತ್ತಿದ್ದ. ಮೈಗೇನೂ ಆಗಿರಲಿಲ್ಲ, ಅದು ನಿಜವೇ. ಅವನ ಕೆಲಸದ ಪೆಟ್ಟಿಗೆಯ ತಳದಲ್ಲಿ, ಹಳೇ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟ ಒಂದು ಸತುವಿನ ಕಡ್ಡಿ ಇತ್ತು. ಕಾಯಿಲೆ ಇದ್ದದ್ದು ಅಲ್ಲಿ.

ಅದೇನೆಂದು ತಿಳಿಯಬೇಕಾದರೆ ಮೇಸ್ತ್ರಿಯ ಕಸುಬನ್ನು ಸ್ವಲ್ಪ ತಿಳಿಯಬೇಕು. ವೇಗವಾಗಿ ಓಡುವ ದೋಣಿಯ ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸುತ್ತಾರೆ. ಅದು ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿನ ಬಾಯಿಗೆ ತುರುಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಸುಡುವುದು ಗೊತ್ತು. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಕಸುವಿರುವುದಿಲ್ಲ. ಅದಕ್ಕೆ ನಡುವೆ ಇಂಟರ್‌ಕೂಲರ್ ಎಂಬ ಪೆಟ್ಟಿಗೆ. ಅದರೊಳಗೆ ತಾಮ್ರದ ಸಣ್ಣ ಸಣ್ಣ ಕೊಳವೆಗಳು. ಕೊಳವೆಯ ಒಳಗೆ ಸಮುದ್ರದ ನೀರು ಹರಿಯುತ್ತದೆ, ಹೊರಗಿನಿಂದ ಬಿಸಿ ಗಾಳಿ ಹಾದು ತಣ್ಣಗಾಗಿ ಹೋಗುತ್ತದೆ. ಪುಕ್ಕಟೆ ನೀರು, ಬೇಕಾದಷ್ಟು ನೀರು. ಆದರೆ ಉಪ್ಪುನೀರು. ಹಗಲೆಲ್ಲ ಅದನ್ನು ಕುಡಿದ ಇಂಜಿನ್ನಿಗೆ ಸಂಜೆ ದಡಕ್ಕೆ ಬಂದ ಮೇಲೆ ಪೈಪು ಸಿಕ್ಕಿಸಿ ಸಿಹಿನೀರು ಹಾಯಿಸಲೇಬೇಕು. ಬಂದರಿನವರು ಇದಕ್ಕೇ, "ಉಪ್ಪು ತಿಂದವನು ನೀರು ಕುಡೀಲೇಬೇಕು" ಎಂದು ಪೈಪು ಎಳೆಯುತ್ತ ತಮಾಷೆ ಮಾಡುತ್ತಾರೆ.

ಅಷ್ಟೂ ಸಾಲದು. ಉಪ್ಪುನೀರಿನಲ್ಲಿ ಬೇರೆ ಬೇರೆ ಜಾತಿಯ ಲೋಹ ಒಟ್ಟಿಗಿದ್ದರೆ ಒಂದು ಸವೆಯುತ್ತ ಹೋಗುತ್ತದೆ. ಕೂಲರೇ ಸವೆಯಬಾರದು ಅಂತ ಬೆರಳು ಗಾತ್ರದ ಸತುವಿನ ಕಡ್ಡಿಯೊಂದನ್ನು ಹಿತ್ತಾಳೆ ಬಿರಡೆಯ ತುದಿಗೆ ಕಚ್ಚಿಸಿ, ಕೂಲರಿನ ಮುಚ್ಚಳದಲ್ಲಿ ತಿರುಚಿ ನೀರಿಗೆ ಇಳಿಬಿಟ್ಟಿರುತ್ತಾರೆ. ತಿನ್ನುವುದಾದರೆ ಉಪ್ಪು ಮೊದಲು ಅದನ್ನು ತಿನ್ನಲಿ, ತಾಮ್ರ ಉಳಿಯಲಿ ಎಂದು. ಆದರೆ ಬಿರಡೆಯ ಲೋಹ ಮುಚ್ಚಳದ ಲೋಹಕ್ಕೆ ಚೆನ್ನಾಗಿ ತಾಗಿರಬೇಕು. ನಡುವೆ ಏನಾದರೂ ಅಡ್ಡ ಬಂದರೆ ಸತು ಇದ್ದೂ ಇಲ್ಲದ ಹಾಗೆ. ಮೇಸ್ತ್ರಿಗೆ ಕೆಲಸ ಕಲಿಸಿದ ಮುದುಕ ಗುರು ಬೀಡಿ ಹೊಗೆಯ ನಡುವೆ ಹೇಳುತ್ತಿದ್ದ ಮಾತು ಒಂದೇ: "ಸತು ಸವೆದಿದ್ರೆ ನಿಶ್ಚಿಂತೆಯಿಂದ ಹೊಸದು ಹಾಕು. ಸವೆದೇ ಇಲ್ಲ ಅಂದ್ರೆ ಹೆದರಿಕೋ. ಇನ್ನೇನೋ ಸವೀತಾ ಇದೆ ಅಂತ ಅರ್ಥ."

ಆ ಗುರುವಿನ ಹತ್ತಿರ ಅವನನ್ನು ಕೈಹಿಡಿದು ತಂದು ಬಿಟ್ಟವನು ಅವನ ಭಾವ. ಮೇಸ್ತ್ರಿಗೆ ಅಮ್ಮನ ಮುಖ ನೆನಪಿಲ್ಲ. ಅವನನ್ನು ಸಾಕಿದವಳು ಅಕ್ಕ. ಬಟ್ಟೆ ಅಂಗಡಿಯಲ್ಲಿ ಹೆಗಲ ಮೇಲೆ ಅಳತೆಪಟ್ಟಿ ಹಾಕಿಕೊಂಡು ದಿನವೆಲ್ಲ ನಿಂತು, ಬಾತ ಕಾಲು ಎಳೆದುಕೊಂಡು ಬಂದು ಅವನಿಗೆ ಉಣ್ಣಿಸಿದವಳು. ಗಂಡಿನವರು ಹೆಣ್ಣು ನೋಡಲು ಬಂದಾಗ, "ನನ್ನ ತಮ್ಮನೂ ನನ್ನ ಜೊತೆ ಬರ್ತಾನೆ" ಎಂದು ಮುಖದ ಮೇಲೇ ಹೇಳಿದಳಂತೆ. "ಬರಲಿ, ದೋಣಿಗೆ ಭಾರ ಆಗಲ್ಲ" ಎಂದನಂತೆ ಗಂಡು. ಅವನೇ ಭಾವ. ಕಂಪನಿಯೊಂದರ ಪ್ರಯಾಣಿಕರ ದೋಣಿ ಓಡಿಸುವವನು. ಈ ದಡದಿಂದ ಆಚೆಯ ದ್ವೀಪಕ್ಕೆ, ಅಲ್ಲಿಂದ ಈಚೆಗೆ. ದೋಣಿ ಕಟ್ಟೆಗೆ ತಾಗುವಾಗ ಒಳಗಿದ್ದವರ ಕೈಯಲ್ಲಿನ ಟೀ ತುಳುಕಬಾರದು ಎಂಬುದು ಅವನ ಹಟ, ತುಳುಕುತ್ತಲೂ ಇರಲಿಲ್ಲ.

ಭಾವನ ದೋಣಿಯ ಕೂಲರು ನೋಡಿಕೊಳ್ಳುವವನು ಬಾಮೈದ. ಇದಕ್ಕಿಂತ ಭದ್ರ ಏನಿದೆ ಎಂದು ಅಕ್ಕ ನೆಮ್ಮದಿಯಾಗಿದ್ದಳು.

ಆ ಕಂಪನಿಗೆ ಹೊಸ ಮ್ಯಾನೇಜರ್ ಬಂದ. ಅವನಿಗೆ ಚೊಕ್ಕಟದ ಹುಚ್ಚು. ಇಂಜಿನ್ ಕೋಣೆಯ ನೆಲಕ್ಕೆಲ್ಲ ಬಿಳಿ ಬಣ್ಣ ಹೊಡೆಸಿದ. ಭಾವನ ದೋಣಿಯಲ್ಲಿ ಸತುವಿನ ಬಿರಡೆಯ ಸಂದಿನಿಂದ ಒಂದೊಂದೇ ಹನಿ ನೀರು ಒಸರಿ, ಬಿಳಿ ನೆಲದ ಮೇಲೆ ಹಸಿರು ಕಲೆ ಬೀಳುತ್ತಿತ್ತು. ಅದನ್ನು ಮ್ಯಾನೇಜರ್ ಬೂಟಿನ ತುದಿಯಿಂದ ತೋರಿಸಿ, "ಇದೇನ್ರೀ ಮೇಸ್ತ್ರಿ, ಮೂಗು ಸೋರಿದ ಹಾಗೆ?" ಎಂದ. ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸರಿಯಾಗಿ ಮಾಡುವುದಾದರೆ ಮುಚ್ಚಳ ಬಿಚ್ಚಿ ಮರೆ, ಅಂದರೆ ಬಿರಡೆ ತಿರುಚಿ ಕೂರುವ ಸುತ್ತುಗೆರೆ, ಹೊಸದಾಗಿ ಕೊರೆಯಬೇಕು, ದೋಣಿ ನಿಲ್ಲಿಸಬೇಕು. ಯಾರಿಗೆ ಬೇಕು ಆ ರಗಳೆ? ಬಿಳಿ ಪ್ಲಂಬಿಂಗ್ ಟೇಪು ತೆಗೆದು ಬಿರಡೆಯ ಮರೆಗೆ ಸುತ್ತಿದ, ಸಿಟ್ಟಿನಲ್ಲಿ ಇನ್ನಷ್ಟು ಸುತ್ತಿದ, ಅದರ ಮೇಲೆ ಅಂಟು ಮೆತ್ತಿ ಬಿಗಿದ. ಹನಿ ನಿಂತಿತು. ಹನಿಯ ಜೊತೆಗೆ ಲೋಹಕ್ಕೂ ಲೋಹಕ್ಕೂ ಇದ್ದ ನಂಟೂ ನಿಂತಿತು. ಇದು ಅವನಿಗೆ ತಿಳಿಯದ ವಿಷಯವಲ್ಲ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ತಲೆಗೆ ಮೊಟಕುತ್ತಿದ್ದ. ಆ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಇದ್ದದ್ದು ಆ ಬೂಟು ಮಾತ್ರ.

ತಿಂಗಳು ಕಳೆದು ತಪಾಸಣೆಗೆ ಬಿರಡೆ ಬಿಚ್ಚಿದ. ಸತುವಿನ ಕಡ್ಡಿ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು. ಆಗಲಾದರೂ ಗುರುವಿನ ಮಾತು ನೆನಪಾಗಬಾರದೆ? ಇಲ್ಲ. ಅಂದು ಅವನ ಶೆಡ್ಡಿನ ಮುಂದೆ ಇನ್ನೆರಡು ದೋಣಿಯವರು ಕಾಯುತ್ತಿದ್ದರು. "ನೋಡಿ ಭಾವ, ನೀವು ಸಿಹಿನೀರು ಹಾಯಿಸೋ ಚೆಂದಕ್ಕೆ ಸತುವೂ ಸವೆದಿಲ್ಲ" ಎಂದು ಹೊಗಳಿದ. ಭಾವ ಹಿಗ್ಗಿ ಹೀರೇಕಾಯಿಯಾದ. ಕಡ್ಡಿಯನ್ನು ಮತ್ತೆ ಅದೇ ರೀತಿ ಟೇಪು ಸುತ್ತಿ ಕೂರಿಸಿದ ಮೇಸ್ತ್ರಿ.

ಒಳಗೆ ಉಪ್ಪು ತಾಮ್ರವನ್ನು ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ದ್ವೀಪದಿಂದ ತುಂಬಿದ ದೋಣಿ ಹೊರಟಿತು. ಕೂಲರಿನ ಕೊಳವೆ ತೂತಾಗಿ ಸಮುದ್ರದ ನೀರು ಗಾಳಿಯ ದಾರಿಗೆ ನುಗ್ಗಿ, ಅಲ್ಲಿಂದ ಇಂಜಿನ್ನಿನ ಹೊಟ್ಟೆಗೆ ಹೋಯಿತು. ಗಾಳಿಯಾದರೆ ಒತ್ತಬಹುದು, ನೀರನ್ನು ಒತ್ತಲಾಗದು. ಒಂದು ಭಾರೀ ಸದ್ದು, ಒಳಗಿನ ಉಕ್ಕಿನ ದಂಡ ಬಾಗಿ ಇಂಜಿನ್ ನಿಂತುಹೋಯಿತು. ಸೆಳೆತ ದೋಣಿಯನ್ನು ಎಳೆದುಕೊಂಡು ಹೋಗಿ ತಡೆಗೋಡೆಯ ಬಂಡೆಗೆ ಬಡಿಯಿತು. ಯಾರ ಜೀವವೂ ಹೋಗಲಿಲ್ಲ. ಹೊಲಿಗೆ ಟೀಚರೊಬ್ಬಳು ಸೀಟಿನಿಂದ ಹಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕತ್ತರಿ ಹಿಡಿಯುವ ಕೈ.

ಇಂಜಿನ್ ಬಿಚ್ಚಿದವನು ಮೇಸ್ತ್ರಿಯೇ. ಬಿರಡೆ ತಿರುಚಿ ಹೊರಗೆಳೆದಾಗ ಟೇಪು ಸುತ್ತಿದ ಮರೆ, ಅದರ ತುದಿಯಲ್ಲಿ ಫಳಫಳ ಹೊಳೆಯುವ ಕಡ್ಡಿ. ಗುರುವಿನ ಮಾತು ಆಗ ನೆನಪಾಯಿತು. ಅಲ್ಲೇ ಬಿಳಿ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಸುತ್ತ ನೋಡಿ ಅದನ್ನು ಜೇಬಿಗೆ ಹಾಕಿಕೊಂಡ.

ಕಂಪನಿಯ ಕಚೇರಿಯಲ್ಲಿ ಉದ್ದ ಮೇಜಿನ ಆ ಕಡೆ ಮ್ಯಾನೇಜರ್, ಈ ಕಡೆ ಟೋಪಿ ಕೈಯಲ್ಲಿ ಹಿಡಿದು ನಿಂತ ಭಾವ, ಬಾಗಿಲ ಹತ್ತಿರ ಮೇಸ್ತ್ರಿ.

"ದಿನಾ ಸಿಹಿನೀರು ಹಾಯಿಸ್ತಿದ್ರಾ?" ಮ್ಯಾನೇಜರ್ ಕೇಳಿದ.

"ದಿನಾ ಹಾಯಿಸ್ತಿದ್ದೆ ಸಾರ್" ಎಂದ ಭಾವ. ಯಾರೂ ಕೇಳದೆ ತಾನೇ ಸೇರಿಸಿದ: "ಹೋದ ತಿಂಗಳು ಒಂದು ಸಂಜೆ ಮಾತ್ರ ಇಲ್ಲ. ಹಾಗೇ ಕಟ್ಟಿ ಬಂದುಬಿಟ್ಟೆ."

"ಯಾಕೆ?"

"ಮನೇಲಿ ಸ್ವಲ್ಪ ಕೆಲಸ ಇತ್ತು."

ಮ್ಯಾನೇಜರ್ ಮೇಸ್ತ್ರಿಯ ಕಡೆ ತಿರುಗಿದ. "ಏನ್ರೀ, ಅದರಿಂದ ಹೀಗಾಗಬಹುದಾ?"

ಒಂದು ಸಂಜೆ ಸಿಹಿನೀರು ತಪ್ಪಿದರೆ ಕೂಲರು ತೂತಾಗುವುದಿಲ್ಲ. ಒಂದು ಹೊತ್ತು ಊಟ ಬಿಟ್ಟರೆ ಯಾರಾದರೂ ಸಾಯುತ್ತಾರೆಯೇ? ಇದು ಮೇಸ್ತ್ರಿಗೆ ತನ್ನ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಜೇಬಿನಲ್ಲಿ ಕಡ್ಡಿ ತೊಡೆಗೆ ಒತ್ತುತ್ತಿತ್ತು. ಕಂಪನಿಯ ಅಷ್ಟೂ ದೋಣಿಗಳ ಕೂಲರು ಅವನ ಕೈಯಲ್ಲಿ. ನಿಜ ಹೇಳಿದರೆ ಶೆಡ್ಡಿಗೆ ಬೀಗ. ಭಾವನಿಗಾದರೆ ಏನು, ಇಷ್ಟು ವರ್ಷದ ಡ್ರೈವರ್, ನಾಲ್ಕು ಮಾತು ಬೈದು ಬಿಡುತ್ತಾರೆ ಎಂದು ಲೆಕ್ಕ ಹಾಕಿದ.

"ಆಗಬಹುದು" ಎಂದ.

ಅಷ್ಟೇ. ಯಾರೂ ಸುಳ್ಳೆಂದು ಹಿಡಿಯಲಾಗದ, ಉಗುಳಿದಷ್ಟು ಸುಲಭದ ಒಂದು ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಲೆಕ್ಕ ತಲೆಕೆಳಗಾಯಿತು. ಕಂಪನಿ ಬೈದು ಬಿಡಲು ಸಿದ್ಧವಿತ್ತು, ಭಾವ ಬಿಡಲಿಲ್ಲ. "ಅಷ್ಟು ಜನ ಕೂತಿದ್ದ ದೋಣಿ ಸಾರ್. ನನ್ನ ಕೈಗೆ ಇನ್ನು ಚಕ್ರ ಬೇಡ" ಎಂದು ಬೀಗದ ಕೈ ಮೇಜಿನ ಮೇಲಿಟ್ಟ. ದಡದಲ್ಲಿ ದೋಣಿ ತೊಳೆಯುವ ಕೆಲಸ ಕೊಡಿ ಎಂದು ಬೇಡಿ ಪಡೆದ. ಆ ಸಂಜೆಯೇ ಶೆಡ್ಡಿಗೆ ಬಂದ. ಗೊತ್ತಾಯಿತೇ ಎಂದು ಮೇಸ್ತ್ರಿ ಕೆಲಸ ಬಿಟ್ಟು ಎದ್ದ. ಭಾವ ಎಣ್ಣೆ ಡಬ್ಬದ ಮೇಲೆ ಕೂತು, "ನೀನು ಅಷ್ಟು ಚೆನ್ನಾಗಿ ಇಟ್ಟಿದ್ದ ಕೂಲರು ಕಣಯ್ಯ. ನನ್ನ ಸೋಮಾರಿತನದಿಂದ ನಿನ್ನ ಕೆಲಸಕ್ಕೂ ಕೆಟ್ಟ ಹೆಸರು. ತಪ್ಪಾಯ್ತು" ಎಂದ.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಮೇಸ್ತ್ರಿಗೆ. ಬಾಯಿ ಬಿಡಬೇಕಾದವನು ತಾನು ಎಂಬುದು ಗೊತ್ತಿದ್ದೇ, "ಇರಲಿ ಬಿಡಿ ಭಾವ" ಎಂದ. ಕ್ಷಮಿಸಿದವನ ಗತ್ತಿನಲ್ಲಿ! ಆ ಮಾತನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವ ಹಾಗಾಗುತ್ತಿತ್ತು.

ಅಂದಿನಿಂದ ಬಂದರಿನಲ್ಲಿ ಎಲ್ಲಿ ನೋಡಿದರೂ ಭಾವ, ಭಾವನ ಕೈಯಲ್ಲಿ ಪೈಪು. ತನ್ನ ಕಂಪನಿಯ ದೋಣಿ ಮುಗಿದರೆ ಬೇರೆಯವರದ್ದು. ಯಾರಾದರೂ ಇಂಜಿನ್ ಆರಿಸಿ ಟೀ ಅಂಗಡಿ ಕಡೆ ಹೊರಟರೆ ಹಿಂದೆ ಓಡಿ, "ನೀರು ಹಾಯಿಸಿದ್ಯಾ? ಬಾ, ನಾನೇ ಹಾಯಿಸ್ತೀನಿ" ಎನ್ನುವನು. ಡ್ರೈವರುಗಳು ಅವನಿಗೆ ಸಿಹಿನೀರಪ್ಪ ಎಂದು ಅಡ್ಡಹೆಸರಿಟ್ಟರು. ಅವನೂ ನಗುವನು. ಹೊಲಿಗೆ ಟೀಚರ ಮನೆಗೆ ಆಗಾಗ ಹೋಗಿ ಬರುವನು. ಆಕೆ ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿಯುತ್ತಿದ್ದುದನ್ನು ಮೇಸ್ತ್ರಿಗೆ ಬಂದು ಹೇಳುವನು. ಮೇಸ್ತ್ರಿ ಬಗ್ಗಿ, ಬಿಗಿಯಾಗಿಯೇ ಇದ್ದ ನಟ್ಟನ್ನು ಇನ್ನಷ್ಟು ಬಿಗಿಯುವನು.

ಅಕ್ಕನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ. ಹೋದ ಒಂದು ಸಲ ಮುಂದಿನ ಕೋಣೆಯ ಗೋಡೆ ಬೋಳಾಗಿ ಕಂಡಿತು. ಅಲ್ಲಿ ಅಕ್ಕ ಭಾವನ ಫೋಟೋ ಇರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಸ್ಟುಡಿಯೋದಲ್ಲಿ ತೆಗೆಸಿದ್ದು, ಹಿಂದೆ ಬಣ್ಣದ ಜಲಪಾತದ ಪರದೆ, ಭಾವ ಗುಂಡಿ ಹಾಕಿದ ಕಾಲರಿನಲ್ಲಿ ಉಸಿರು ಕಟ್ಟಿ ನಿಂತದ್ದು. "ನಿನ್ನ ಭಾವ ಸಮುದ್ರಕ್ಕೆ ಹೆದರಲ್ಲ, ಕ್ಯಾಮೆರಾಕ್ಕೆ ಹೆದರ್ತಾರೆ" ಎಂದು ಅಕ್ಕ ಬಂದವರಿಗೆಲ್ಲ ತೋರಿಸುತ್ತಿದ್ದಳು. ಈಗ ಮೊಳೆ ಮಾತ್ರ ಇತ್ತು. ಯಾಕೆ ಎಂದು ಅವನು ಕೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳಗೆ; ಆ ಮನೆಯಲ್ಲಿ ಏನು ಕೇಳಿದರೂ ಮಾತು ಎಲ್ಲಿಗೆ ಹೋಗಿ ಮುಟ್ಟೀತೋ ಎಂಬ ಭಯ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನೇ ಶೆಡ್ಡಿಗೆ ಬಂದಳು. ಎಂದೂ ಬಂದವಳಲ್ಲ. ಸೆರಗಿನಿಂದ ಬೆಂಚು ಒರೆಸಿ ಕೂತಳು.

"ಲೋ, ಕಂಪನಿಯವರು ಹೊಸ ದೋಣಿ ತಂದಿದ್ದಾರಂತೆ. ನಿಮ್ಮ ಭಾವನೇ ಓಡಿಸಲಿ ಅಂತ ಮ್ಯಾನೇಜರೇ ಮನೆಗೆ ಬಂದು ಕೇಳಿದ್ರು. ಇವರು ಆಗಲ್ಲ ಅಂದ್ಬಿಟ್ರು."

"ಯಾಕಂತೆ?" ಎಂದ, ಗೊತ್ತಿದ್ದೂ.

"ಯಾಕೆ ಅಂದ್ರೆ, ಇಂಜಿನ್ ಕೊಂದ ಕೈ ಇದು ಅಂತಾರೆ. ಮನೇಲಿ ಸುಮ್ನೆ ಕೂತಾಗಲೂ ಕೈ ಚಕ್ರ ತಿರುಗಿಸ್ತಾ ಇರತ್ತೆ ಕಣೋ, ಗಾಳೀಲಿ. ನಾನು ನೋಡ್ತೀನಿ ಅಂತ ಗೊತ್ತಾದ್ರೆ ಜೇಬಿಗೆ ಹಾಕ್ಕೋತಾರೆ." ಅಕ್ಕ ಮೂಗು ಒರೆಸಿಕೊಂಡಳು. "ನಾಡಿದ್ದರೊಳಗೆ ಹೇಳದೆ ಇದ್ರೆ ದೋಣಿ ಬೇರೆಯವರಿಗೆ. ನೀನು ಬಂದು ಒಂದು ಮಾತು ಹೇಳೋ. ಇಂಜಿನ್ ಬಿಚ್ಚಿದ್ದು ನೀನು. ಒಂದು ಸಂಜೆ ನೀರು ತಪ್ಪಿದ್ದಕ್ಕೆ ಹಾಗಾಗಲಿಲ್ಲ, ಬೇರೆ ಏನೋ ಆಗಿತ್ತು ಅನ್ನು. ನಿನ್ನ ಮಾತಾದ್ರೆ ನಂಬ್ತಾರೆ."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಒರೆಸತೊಡಗಿದ.

"ಸುಳ್ಳಾದರೂ ಪರವಾಗಿಲ್ಲ ಕಣೋ" ಎಂದಳು ಅಕ್ಕ. "ಆ ಪಾಪ ನನ್ನ ತಲೆ ಮೇಲಿರಲಿ. ಹೇಳು."

ಇಷ್ಟು ಕಾಲ ಅವನ ಗಂಟಲಲ್ಲಿ ಬಿಸಿತುಪ್ಪವಾಗಿ ನಿಂತಿದ್ದನ್ನು ಉಗುಳು ಎಂದು ಅಕ್ಕನೇ ಬೇಡುತ್ತಿದ್ದಳು, ಅದೂ ಸುಳ್ಳೆಂದುಕೊಂಡು. ನಗಬೇಕೋ ಅಳಬೇಕೋ ತಿಳಿಯದೆ, "ನಾಳೆ ಬರ್ತೀನಿ" ಎಂದ. ಅವಳು ಹೋದ ಮೇಲೆ ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟು ತೆಗೆದ. ಕಡ್ಡಿ ಇನ್ನೂ ಹೊಳೆಯುತ್ತಿತ್ತು. ಅದನ್ನು ಎಸೆಯಲು ಎಷ್ಟೋ ಸಲ ಕಟ್ಟೆಯ ತುದಿಗೆ ಹೋಗಿದ್ದ. ಎದುರಿಗೆ ಇಷ್ಟು ದೊಡ್ಡ ಸಮುದ್ರವಿದ್ದೂ ಬೆರಳು ಗಾತ್ರದ ಕಡ್ಡಿಗೆ ಜಾಗ ಸಿಕ್ಕಿರಲಿಲ್ಲ.

ಮರುದಿನ ಕಂಪನಿಗೆ ರಜೆ. ಮೇಸ್ತ್ರಿ ಹೋದಾಗ ಭಾವ ಹಿತ್ತಲಲ್ಲಿ ಪೈಪು ಹಿಡಿದು ತನ್ನ ಹಳೇ ಸೈಕಲ್ಲು ತೊಳೆಯುತ್ತಿದ್ದ. ಆಗಲೇ ತೊಳೆದಿದ್ದ ಸೈಕಲ್ಲು. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ತಲೆ ಒಮ್ಮೆ ಕಂಡು ಮರೆಯಾಯಿತು.

"ಭಾವ, ಒಂದು ಮಾತಿತ್ತು."

"ಹೇಳಯ್ಯ."

"ಆವತ್ತು ಇಂಜಿನ್ ಹೋಗಿದ್ದು ನಿಮ್ಮಿಂದ ಅಲ್ಲ. ನನ್ನಿಂದ. ಸತುವಿನ ಬಿರಡೆಗೆ ನಾನು ಟೇಪು ಸುತ್ತಿದ್ದೆ. ನೀರು ಒಸರಬಾರದು ಅಂತ. ಅದಕ್ಕೇ ಸತು ಸವೆಯಲಿಲ್ಲ, ಕೊಳವೆ ಸವೀತು. ಬಿಚ್ಚಿದ ದಿನವೇ ನನಗೆ ಗೊತ್ತಾಯ್ತು. ಕಚೇರೀಲಿ ನಾನು..." ಜೇಬಿನ ಮೇಲೆ ಕೈಯಿಟ್ಟುಕೊಂಡ. "ಒಂದು ಸಂಜೆಯಿಂದ ಏನೂ ಆಗಲ್ಲ ಭಾವ. ಏನೂ ಆಗಲ್ಲ."

ಭಾವ ಅವನನ್ನೇ ನೋಡಿದ. ಆಮೇಲೆ ಅವನ ಮುಖದ ತುಂಬ ನಗು ಹರಡಿತು. ಒದ್ದೆ ಕೈಯನ್ನು ಮೇಸ್ತ್ರಿಯ ಹೆಗಲ ಮೇಲಿಟ್ಟ.

"ನಿಮ್ಮಕ್ಕ ಶೆಡ್ಡಿಗೆ ಬಂದಿದ್ಲು ಅಲ್ವಾ? ಗೊತ್ತು ನನಗೆ. ನಿನ್ನ ಬಾಯಲ್ಲಿ ಹೇಳಿಸಿದಾಳೆ. ಒಳ್ಳೆ ಮನುಷ್ಯ ಕಣಯ್ಯ ನೀನು. ನನಗೋಸ್ಕರ ನಿನ್ನ ತಲೆ ಮೇಲೆ ಚಪ್ಪಡಿ ಎಳ್ಕೊಳ್ಳೋಕೆ ಬಂದಿದ್ದೀಯಲ್ಲ." ಅವನ ಕಣ್ಣಲ್ಲಿ ನೀರಾಡಿತು. "ಸ್ವಂತ ತಮ್ಮನೂ ಇಷ್ಟು ಮಾಡ್ತಿರಲಿಲ್ಲ."

ಅಲ್ಲಿಗೆ ಮುಗಿಸಬಹುದಿತ್ತು. ಹೇಳಿದ್ದಾಯಿತು, ನಂಬದಿದ್ದರೆ ಅವನೇನು ಮಾಡಲಿ? ನಿಜವನ್ನೂ ಹೇಳಿದ ಹಾಗಾಯಿತು, ದೊಡ್ಡಮನುಷ್ಯನೂ ಆದ ಹಾಗಾಯಿತು. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಹಾಗೇ ತಿರುಗಿ ಹೋಗುವ ಆಸೆ ಎಷ್ಟು ಬಲವಾಗಿ ಬಂದಿತೆಂದರೆ ಮೇಸ್ತ್ರಿಗೆ ತನ್ನ ಮೇಲೆ ಹೇಸಿಗೆಯಾಯಿತು. ಜೇಬಿಗೆ ಕೈಹಾಕಿ ಬಟ್ಟೆಯ ಗಂಟನ್ನು ಭಾವನ ಕೈಯಲ್ಲಿಟ್ಟ.

ಭಾವ ಬಿಚ್ಚಿ ನೋಡಿದ. ಕಡ್ಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಬಿರಡೆಯ ಮರೆಯ ಮೇಲೆ ಒಣಗಿದ ಅಂಟು, ಅದರ ಕೆಳಗೆ ಪದರ ಪದರ ಟೇಪು. ಉಗುರಿನಿಂದ ಒಂದು ಪದರ ಎಬ್ಬಿಸಿದ, ಇನ್ನೊಂದು, ಮತ್ತೊಂದು. ಜನ್ಮವಿಡೀ ದೋಣಿಯಲ್ಲಿ ಕಳೆದವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಇದು ನನ್ನ ದೋಣೀದು."

"ಹೌದು ಭಾವ."

"ಇಷ್ಟು ದಿನ ಎಲ್ಲಿತ್ತು?"

"ನನ್ನ ಪೆಟ್ಟಿಗೇಲಿ."

ಸೈಕಲ್ಲಿನ ಕೆಳಗೆ ಪೈಪು ಸುಮ್ಮನೆ ಹರಿಯುತ್ತಿತ್ತು. ಭಾವ ಹೋಗಿ ನಲ್ಲಿ ನಿಲ್ಲಿಸಿದ. ಕೈಗಳನ್ನು ಅಂಗಿಗೆ ಒರೆಸಿಕೊಂಡು, ಅವನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. ಹೊಡೆಯಲಿ, ಬೈಯಲಿ ಎಂದು ಮೇಸ್ತ್ರಿ ಕಾದ. ಭಾವ ಕಡ್ಡಿಯನ್ನು ತನ್ನ ಅಂಗಿಯ ಜೇಬಿಗೆ ಇಳಿಸಿದ.

"ಇದು ನನ್ನ ಹತ್ರ ಇರಲಿ. ಟೀಚರಿಗೆ ತೋರಿಸಬೇಕು. ಮ್ಯಾನೇಜರಿಗೂ. ನೀನೂ ಜೊತೆಗೆ ಬರ್ತೀಯ, ನೀನೇ ಹೇಳ್ತೀಯ."

"ಬರ್ತೀನಿ."

"ಈಗ ನಾನು ಬಂದರಿನ ಕಡೆ ಹೋಗಿ ಬರ್ತೀನಿ. ಆ ಹೊಸ ದೋಣಿ ಹೇಗಿದೆ ನೋಡಬೇಕು." ಹಿತ್ತಲ ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದ: "ನಿಮ್ಮಕ್ಕನಿಗೆ ನಾನು ಹೇಳಲ್ಲ. ಅದು ನಿನ್ನ ಕೆಲಸ."

ಒಳಗೆ ಅಕ್ಕ ಆಗಲೇ ತಟ್ಟೆ ಇಟ್ಟಿದ್ದಳು. ಕಿಟಕಿಯಿಂದ ಮೊದಲ ಮಾತು ಮಾತ್ರ ಕೇಳಿಸಿಕೊಂಡು, ಭಾವನ ನಗು ನೋಡಿ, ಇನ್ನು ಅಲ್ಲಿ ನಿಂತರೆ ಕೆಲಸ ಕೆಟ್ಟೀತೆಂದು ಒಲೆಯ ಹತ್ತಿರ ಬಂದುಬಿಟ್ಟಿದ್ದಳು. ಈಗ ಗಂಡ ಬಂದರಿನ ಕಡೆ ಹೊರಟದ್ದೂ ಕಾಣಿಸಿತ್ತು. ಅವಳು ಹತ್ತು ವರ್ಷ ಚಿಕ್ಕವಳಾದ ಹಾಗೆ ಕಾಣುತ್ತಿದ್ದಳು.

"ಎಷ್ಟು ಚೆನ್ನಾಗಿ ಹೇಳ್ದೆಯೋ!" ಎಂದು ಅವನ ಬೆನ್ನು ಸವರಿದಳು. "ಟೇಪು ಅಂತೆ, ಸತು ಅಂತೆ. ಕೇಳ್ತಾ ಕೇಳ್ತಾ ನಾನೇ ನಂಬಿಬಿಟ್ಟೆ. ಇಷ್ಟು ಚೆಂದ ಸುಳ್ಳು ಹೇಳೋದು ಎಲ್ಲಿ ಕಲಿತೆ?"

"ಅಕ್ಕ, ಅದು ಸುಳ್ಳಲ್ಲ."

ಬಡಿಸುತ್ತಿದ್ದ ಸೌಟು ತಟ್ಟೆಯ ಮೇಲೆ ನಿಂತಿತು.

ಅವನು ಎಲ್ಲವನ್ನೂ ಹೇಳಿದ. ಟೇಪು, ಕಡ್ಡಿ, ಮೇಜು, ಆಗಬಹುದು ಎಂದ ಮಾತು. ಎಣ್ಣೆ ಡಬ್ಬದ ಮೇಲೆ ಕೂತು ಭಾವ ತಪ್ಪಾಯ್ತು ಎಂದದ್ದು, ತಾನು ಇರಲಿ ಬಿಡಿ ಎಂದದ್ದು. ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿ ಅಲ್ಲೇ ಕೂತಳು. ಮುಗಿದ ಮೇಲೆ ಕೇಳಿದಳು:

"ಆ ಸಂಜೆ ಅವರು ನೀರು ಹಾಯಿಸದೆ ಯಾಕೆ ಬಂದ್ರು, ಗೊತ್ತಾ ನಿನಗೆ?"

"ಮನೇಲಿ ಏನೋ ಕೆಲಸ ಅಂದಿದ್ರು."

"ನಾನು ಕರೆದಿದ್ದೆ. ಸ್ಟುಡಿಯೋ ಬೇಗ ಮುಚ್ಚತ್ತೆ, ಒಂದು ದಿನ ನೀರು ಹಾಯಿಸದಿದ್ರೆ ಮುಳುಗಿಹೋಗಲ್ಲ, ಬನ್ನಿ ಅಂತ ಫೋನ್ ಮಾಡಿ ಜಗಳ ಆಡಿದ್ದೆ. ಫೋಟೋ ತೆಗೆಸಬೇಕು ಅಂತ." ಅವಳ ದನಿ ಏರಲಿಲ್ಲ. "ಮುಳುಗಿಹೋಗಲ್ಲ ಅಂದಿದ್ದೆ ಕಣೋ. ಅದೇ ಮಾತು. ನನ್ನ ಹೆಸರು ಅವರು ಯಾರ ಹತ್ರಾನೂ ಎತ್ತಲಿಲ್ಲ. ನನ್ನ ಹತ್ರಾನೂ ಎತ್ತಲಿಲ್ಲ. ಆ ಟೀಚರ ಕೈ ಮುರಿದಿದ್ದು ನಾನೇ ಅಂತ ಇಷ್ಟು ದಿನ..."

ಮುಂದಿನದನ್ನು ಹೇಳದೆ ಎದ್ದು ಒಳಕೋಣೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ಬಟ್ಟೆಗಳನ್ನು ಸರಿಸಿದ ಸದ್ದು ಕೇಳಿತು. ಫೋಟೋ ಹಿಡಿದು ಹೊರಗೆ ಬಂದಳು. ಸೆರಗಿನಿಂದ ಗಾಜು ಒರೆಸಿ, ಕಾಲ್ಬೆರಳ ಮೇಲೆ ನಿಂತು ಅದೇ ಮೊಳೆಗೆ ಹಾಕಿದಳು. ಎಡಕ್ಕೆ ವಾಲಿತ್ತು, ನೇರ ಮಾಡಿದಳು. ಜಲಪಾತದ ಮುಂದೆ ಭಾವ ಉಸಿರು ಕಟ್ಟಿ ನಿಂತಿದ್ದ, ಪಕ್ಕದಲ್ಲಿ ಅವಳು ಗೆದ್ದವಳ ಹಾಗೆ ನಗುತ್ತಿದ್ದಳು.

ಫೋಟೋದ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

"ಊಟ ಮಾಡಿ ಹೋಗು. ಇನ್ನು ನಾನಾಗಿ ಕರೆಯೋವರೆಗೂ ಬರಬೇಡ."

ಅಮ್ಮನಿಲ್ಲದ ಮನೆಯಲ್ಲಿ ಅಕ್ಕನ ಕೈಯಿಂದ ಉಂಡು ಬೆಳೆದವನು ಆ ತಟ್ಟೆಯ ಮುಂದೆ ಕೂತ. ಬಡಿಸಿದ್ದನ್ನು ಬಿಟ್ಟೇಳುವುದು ಅವಳಿಗೆ ಆಗದು, ಅದು ಚಿಕ್ಕಂದಿನಿಂದ ಅವನಿಗೆ ಗೊತ್ತು. ಒಂದು ಅಗುಳೂ ಬಿಡದೆ ತಿಂದ. ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಬಂದ. ಅಕ್ಕ ಇನ್ನೂ ಗೋಡೆಯ ಮುಂದೆಯೇ ನಿಂತಿದ್ದಳು.